ಪಕೀರಪ್ಪನ ಸೈಕಲ್ಲಿಗೆ ಹೊಸ ಹ್ಯಾಂಡಲ್

ಸಾಲಗುಂದದ ಪಕೀರಪ್ಪ ದನದ ದವಾಖಾನೆಯ ಕಂಪೌಂಡರ್. ಸಿಂಧನೂರಿನಲ್ಲಿದ್ದಾಗ ಆಸೆಪಟ್ಟು ರೇಸಿನ ಸೈಕಲ್ ಕೊಂಡಿದ್ದ. ಟಗರಿನ ಕೊಂಬಿನಂತೆ ಕೆಳಗೆ ಬಾಗಿದ ಹ್ಯಾಂಡಲ್, ತೆಳ್ಳನೆಯ ಟೈರು, ಹಿಂದಿನ ಗಾಲಿಗೆ ಚೈನು ಕೂರುವ ಹದಿನಾರು ಹಲ್ಲಿನ ಫ್ರೀವೀಲ್. ಕಾಲುವೆ ಪಕ್ಕದ ಸಪಾಟು ರಸ್ತೆಯಲ್ಲಿ ಬಗ್ಗಿ ತುಳಿದನೆಂದರೆ ಗದ್ದೆಯಲ್ಲಿ ನಾಟಿ ಹಚ್ಚುವವರು ಸೊಂಟ ನೆಟ್ಟಗೆ ಮಾಡಿ ನೋಡುತ್ತಿದ್ದರು. ಆ ನೋಟ ಅವನಿಗೆ ಬಲು ಇಷ್ಟ.

1987ರಲ್ಲಿ ಗುರುಗುಂಟಾಕ್ಕೆ ವರ್ಗವಾಯಿತು. ಅಲ್ಲಿಯದು ಏರು, ಇಳಿವು, ಕಲ್ಲು, ಎದುರುಗಾಳಿ. ತಿಂಗಳೊಳಗೆ ಕುತ್ತಿಗೆ ಹಿಡಿಯಿತು, ಬೆರಳು ಜೋಮುಗಟ್ಟತೊಡಗಿದವು. ಆದರೂ ಅವನು ಹಟ ಬಿಡಲಿಲ್ಲ.

ಒಂದು ಮಧ್ಯಾಹ್ನ ಊರಾಚೆಯ ದೊಡ್ಡಿಯಲ್ಲಿ ಎಮ್ಮೆ ಸಾಕಿದ್ದ ಆದಮ್ಮ ಹೇಳಿಕಳಿಸಿದಳು: ಎಮ್ಮೆ ಈಯಲಾರದೆ ಒದ್ದಾಡುತ್ತಿದೆ. ಪಕೀರಪ್ಪ ಅರ್ಧ ದಾರಿ ತುಳಿದು, ಅರ್ಧ ದಾರಿ ನೂಕಿಕೊಂಡು ಬೆವರಿಳಿಸುತ್ತ ಮುಟ್ಟಿದ. ಕರುವಿನ ಮುಂಗಾಲು ಒಳಗೆ ಮಡಚಿಕೊಂಡಿತ್ತು. ಕೈ ಹಾಕಿದರೆ ಬೆರಳಿಗೆ ಹಿಡಿತವೇ ಇಲ್ಲ! ಕೊನೆಗೆ ಅವನು ಬಾಯಲ್ಲಿ ಹೇಳಿದಂತೆ ಆದಮ್ಮನೇ ಕೈ ತೊಳೆದು, ಕಾಲು ನೆಟ್ಟಗೆ ಮಾಡಿ ಕರು ಎಳೆದಳು. ಕರು ಬದುಕಿತು.

“ಅಲ್ರೀ ಕಂಪೌಂಡ್ರ, ಸೈಕಲ್ ನಿಮ್ಮನ್ನ ತಂದೈತೋ, ನೀವ ಅದನ್ನ ಹೊತ್ತು ತಂದೀರೋ?” ಎಂದಳು ಕೈ ಒರೆಸಿಕೊಳ್ಳುತ್ತ.

ಪಕೀರಪ್ಪ ಮರುದಿನವೇ ಲಿಂಗಸುಗೂರಿಗೆ ಹೋದ. ಅಲ್ಲಿ ಹುಸೇನ್‌ಬೀ ತನ್ನ ಅಪ್ಪನ ಸೈಕಲ್ ಅಂಗಡಿ ನಡೆಸುತ್ತಿದ್ದಳು. ಅವಳು ಸೈಕಲ್ಲನ್ನು ಮುಟ್ಟಲಿಲ್ಲ. ಮೊದಲು ಅವನನ್ನೇ ಸ್ಟೂಲಿನ ಮೇಲೆ ಕೂಡಿಸಿದಳು.

“ಕಣ್ಣು ಮುಚ್ಚಿ ಎರಡೂ ಕೈ ಮುಂದಕ್ಕ ಚಾಚ್ರಿ. ಬಿಗಿ ಹಿಡೀಬ್ಯಾಡ್ರಿ.”

ಕೈ ತಾನಾಗಿ ನಿಂತ ಅಗಲವನ್ನು ದಾರದಿಂದ ಅಳೆದಳು. ಆ ಅಳತೆಗೆ ಸರಿಯಾಗಿ ಹಿಡಿಕೆ ಸ್ವಲ್ಪ ಹಿಂದಕ್ಕೆ ತಿರುಗಿದ, ಎತ್ತರದ ಹ್ಯಾಂಡಲ್ ಹುಡುಕಿ ತೆಗೆದಳು.

“ಅಕ್ಕಾ, ಇದು ಹಾಲು ಮಾರೋರ ಸೈಕಲ್ ಆಗತೈತಿ!”

“ಹಾಲು ಮಾರೋರು ದಿನಾ ಮೂವತ್ತು ಮೈಲು ತುಳೀತಾರ್ರೀ. ಅವರ ಕುತ್ತಿಗಿ ನೋಯ್ತೈತೇನು ಕೇಳ್ರಿ. ಅದಿರ್ಲಿ, ನೀವು ದಿನಾ ಎಲ್ಲಿ ಇಳದು ನೂಕ್ತೀರಿ?”

“ಊರ ದಾಟಿದ ಮ್ಯಾಲ ಎರಡನೇ ಏರಿಗೆ.”

“ಹಂಗಾರ ಹಿಂದ ಇಪ್ಪತ್ತು ಹಲ್ಲಿನ ಫ್ರೀವೀಲ್ ಹಾಕ್ತೀನಿ. ಕಾಲು ಜಾಸ್ತಿ ತಿರಗತಾವ, ಭಾರ ಕಮ್ಮಿ ಬೀಳತೈತಿ.”

“ಇಪ್ಪತ್ತೆರಡೇ ಹಾಕಿಬಿಡ್ರಿ ಮತ್ತ!”

“ಆಗ ಸಪಾಟ ರಸ್ತೆದಾಗ ಸುಮ್ನ ಕಾಲು ಆಡಿಸ್ತಾ ಕುಂದರ್ತೀರಿ. ಅತಿ ಆಸೆ ಬ್ಯಾಡ” ಎಂದು ನಕ್ಕಳು.

ಚೈನಿಗೆ ಎರಡು ಕೊಂಡಿ ಸೇರಿಸಿ, ಬ್ರೇಕನ್ನು ಬೆರಳಿಗೆ ಎಟುಕುವಂತೆ ತಿರುಗಿಸಿ ಕೊಟ್ಟಳು. ವಾರ ಓಡಿಸಿದ. ಕುತ್ತಿಗೆ ಸಡಿಲಾಯಿತು, ಬೆರಳಿನ ಜೋಮು ಇಳಿಯಿತು, ಆದರೆ ಗಾಳಿ ಎದೆಗೇ ಬಡಿದು ಎರಡನೇ ಏರಿಗೆ ಇನ್ನೂ ಇಳಿಯಬೇಕಾಗುತ್ತಿತ್ತು. ಮತ್ತೆ ಹೋದ. ಅವಳು ಹ್ಯಾಂಡಲ್ಲನ್ನು ಎರಡು ಬೆರಳಷ್ಟು ಇಳಿಸಿದಳು, ಅಷ್ಟೆ.

ವಾಪಸು ಬರುವಾಗ ಅವನ ದಿಟ್ಟಿ ರಸ್ತೆಯ ಮೇಲೇ ಇತ್ತು. ಏರು ಹತ್ತಿ ನೋಡೋಣವೆಂದು ಊರಲ್ಲಿ ನಿಲ್ಲಲಿಲ್ಲ. ಗುರುಗುಂಟಾ ದಾಟಿತು, ಮೊದಲ ಏರು ಮುಗಿಯಿತು, ಎರಡನೆಯದು ಬಂತು. ಪಕೀರಪ್ಪ ಮೆಲ್ಲಗೆ, ಬೀಸುಕಲ್ಲು ತಿರುಗಿದಂತೆ ತುಳಿದ. ಉಸಿರು ಏರಿತು, ಕಾಲು ಮಾತ್ರ ನಿಲ್ಲಲಿಲ್ಲ. ನೆತ್ತಿ ಮುಟ್ಟಿದಾಗ ಒಬ್ಬನೇ ಗಹಗಹಿಸಿ ನಕ್ಕ.

ಅಲ್ಲಿ ಕುರಿ ಮೇಯಿಸುತ್ತಿದ್ದ ಗಾಳೆಪ್ಪ ಬೆರಗಿನಿಂದ ನೋಡಿದ. “ಏನ್ರೀ, ಇವತ್ತು ಇಳೀಲೇ ಇಲ್ಲ? ಬಂದೀರಂದ್ರ ಈ ಕುರಿ ಕಾಲು ಒಂಚೂರು ನೋಡ್ರಿ, ಕುಂಟಾಕತ್ತೈತಿ.”

ಪಕೀರಪ್ಪ ಸೈಕಲ್ ಕಲ್ಲಿಗೆ ಒರಗಿಸಿ ಕುಕ್ಕುರುಗಾಲಲ್ಲಿ ಕೂತ. ಗೊರಸಿನ ಸಂದಿಯಲ್ಲಿ ಸಣ್ಣ ಜಾಲಿಮುಳ್ಳು ಮುರಿದು ಕೂತಿತ್ತು. ಎರಡೇ ಬೆರಳಲ್ಲಿ ಮೆತ್ತಗೆ ಹಿಡಿದು, ಒಂದೇ ಸಲಕ್ಕೆ ಕಿತ್ತ.