ಬೋಣಿಗೆ ಮುಂಚೆ ಅಂದ ಮಾತು

ನಾನು ಓದೋದು ಕಲಿತದ್ದು ಪೊಟ್ಟಣದ ಕಾಗದದಲ್ಲಿ. ಮೂರನೇ ಕ್ಲಾಸಿಗೆ ಸಾಲಿ ಬಿಟ್ಟವಳು. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಮಿರ್ಚಿ ಮಂಡಕ್ಕಿ ಅಂಗಡಿ ಇಟ್ಟ ಮೇಲೆ, ರದ್ದಿ ಪೇಪರ್ ಹರಿಯುವಾಗ, ಗಿರಾಕಿ ಇಲ್ಲದ ಹೊತ್ತಲ್ಲಿ ಒಂದೊಂದೇ ಅಕ್ಷರ ಕೂಡಿಸಿಕೊಂಡೆ. ಹಾಗಾಗಿ ನನ್ನ ವಿದ್ಯೆ ಹರಕು ವಿದ್ಯೆ. ಯಾವ ಸುದ್ದಿಯೂ ಪೂರ್ತಿ ಗೊತ್ತಿಲ್ಲ. ಅರ್ಧ ನಾನು ಓದಿರ್ತೀನಿ, ಇನ್ನರ್ಧ ಯಾರದೋ ಕೈಯಲ್ಲಿ ಬಿಸಿ ಮಿರ್ಚಿಯ ಜೊತೆ ಹೋಗಿರುತ್ತದೆ.

ಈಚೆಗೆ ರದ್ದಿಯಲ್ಲಿ ಸುದ್ದಿ ಪೇಪರ್ ಕಮ್ಮಿಯಾಗಿ ಬೇರೆ ಜಾತಿಯ ಕಾಗದ ಬರೋಕೆ ಶುರುವಾಗಿದೆ. ಬೆಳ್ಳಗೆ, ಗಟ್ಟಿಯಾಗಿ, ಒಂದೇ ಮಗ್ಗುಲಿಗೆ ಅಚ್ಚಾದದ್ದು. ಇಂಗ್ಲಿಷಲ್ಲಿರುತ್ತದೆ, ಮೊಮ್ಮಗಳು ಓದಿ ಹೇಳ್ತಾಳೆ. ಎಲ್ಲಾ ಬಯೋಡೇಟಾ. ಜೆರಾಕ್ಸ್ ಅಂಗಡಿಯವರು ಮಸಿ ಹತ್ತಿದ್ದು, ಸೊಟ್ಟ ಬಂದದ್ದು ಎಲ್ಲಾ ಕಟ್ಟಿ ರದ್ದಿಗೆ ಹಾಕ್ತಾರೆ. ಒಬ್ಬರದಕ್ಕೂ ಇನ್ನೊಬ್ಬರದಕ್ಕೂ ಏನೂ ಫರಕಿಲ್ಲ. ಎಲ್ಲರೂ ಶ್ರಮಜೀವಿಗಳಂತೆ, ಎಲ್ಲರಿಗೂ ಹಾಡು ಕೇಳೋದು ಇಷ್ಟವಂತೆ, ಎಲ್ಲರೂ ಕೊನೆಯಲ್ಲಿ ಮೇಲೆ ಹೇಳಿದ್ದೆಲ್ಲ ಸತ್ಯ ಅಂತ ಸಹಿ ಮಾಡಿರ್ತಾರೆ. ಕಾಗದ ಮಾತ್ರ ಒಳ್ಳೇದು. ಎಣ್ಣೆ ಹೀರೋದು ಸ್ವಲ್ಪ ಕಮ್ಮಿ, ಆದರೆ ಹರಿಯೋದಿಲ್ಲ.

ಓದಿದ ಮಕ್ಕಳಿಗೆ ಕೆಲಸ ಯಾಕೆ ಸಿಗೋದಿಲ್ಲ ಅಂತ ದೊಡ್ಡವರು ಟೀವಿಯಲ್ಲಿ ಕೂತು ಮಾತಾಡ್ತಾರೆ. ಅಷ್ಟು ದೊಡ್ಡ ವಿಷಯ ನನಗೆ ಗೊತ್ತಿಲ್ಲ. ಒಬ್ಬಳಿಗೆ ಯಾಕೆ ಸಿಗಲಿಲ್ಲ ಅನ್ನೋದು ಗೊತ್ತು. ನನ್ನಿಂದಾಗಿ ಸಿಗಲಿಲ್ಲ. ಅವಳು ನನ್ನ ಮೊಮ್ಮಗಳು ಶಿಲ್ಪಾ.

ಶಿಲ್ಪಾ ನನ್ನ ಮಗನ ಮಗಳು. ಮಗ ಆಟೋ ಓಡಿಸ್ತಾನೆ. ನಮ್ಮ ಮನೆತನದಲ್ಲಿ ಹತ್ತನೇ ಕ್ಲಾಸು ದಾಟಿದ ಮೊದಲನೇ ಹೆಣ್ಣು. ದಾಟಿದವಳು ನಿಲ್ಲದೆ ಎಮ್ಮೆಸ್ಸಿ ಕೆಮಿಸ್ಟ್ರಿ ತನಕ ಹೋದಳು. ಪಾಸಾದ ದಿನ ಕರಿ ನಿಲುವಂಗಿ ಹಾಕಿಕೊಂಡು ತೆಗೆಸಿದ ಫೋಟೋ ಅಂಗಡಿಯಲ್ಲಿ ದೇವರ ಪಟದ ಮಗ್ಗುಲಿಗೇ ನೇತು ಹಾಕಿದೆ. ಊದಿನಕಡ್ಡಿ ಹಚ್ಚುವಾಗ ಅವಳಿಗೂ ಒಂದು ಸುತ್ತು ತೋರಿಸ್ತಿದ್ದೆ. "ಅಜ್ಜಿ, ಬದುಕಿರೋರ ಫೋಟೋಕ್ಕೆ ಹೊಗೆ ಹಾಕಬ್ಯಾಡ" ಅಂತ ಅವಳು ಬೈಯೋಳು. ಅದೇ ಫೋಟೋ ಈಗ ಎಣ್ಣೆ ಜಿಡ್ಡು ಹಿಡಿದು, ನಿಲುವಂಗಿ ಯಾವುದು, ಹಿಂದಿನ ಪರದೆ ಯಾವುದು ಗೊತ್ತಾಗೋದಿಲ್ಲ.

ಎಮ್ಮೆಸ್ಸಿ ಮುಗಿದ ಮೇಲೆ ಮಗ ಹೇಳಿಬಿಟ್ಟ. ದೀಪಾವಳಿಯೊಳಗೆ ಕೆಲಸ ಸಿಕ್ಕರೆ ಸರಿ, ಇಲ್ಲದಿದ್ದರೆ ಗಂಡು ನೋಡೋದು. ಅವಳು ಅರ್ಜಿ ಹಾಕುತ್ತಾ, ಸಂಜೆ ನನ್ನ ಅಂಗಡಿಯಲ್ಲಿ ಈರುಳ್ಳಿ ಹೆಚ್ಚುತ್ತಾ ಕೂತಳು. ಎಣ್ಣೆ ಎಷ್ಟು ಕಾದಿದೆ ಅಂತ ಅವಳು ಪುಸ್ತಕದ ಮಾತು ಹೇಳೋಳು, ನಾನು ಒಂದು ಹನಿ ಹಿಟ್ಟು ಬಿಟ್ಟು ನೋಡೋಳು. ಇಬ್ಬರ ಉತ್ತರ ಒಂದೇ ಬರೋದು. ಐದು ವರ್ಷದ ಓದು ಒಂದು ಹನಿ ಹಿಟ್ಟಿಗೆ ಬಂತಲ್ಲ ಅಂತ ನಾನು ನಗ್ತಿದ್ದೆ. ನಗಬಾರದಿತ್ತು. ಆಗ ಅದು ಹೊಳೀಲಿಲ್ಲ.

ನಮಗೆ ಮಂಡಕ್ಕಿ ಹಾಕೋಳು ಮಂಡಕ್ಕಿ ಹುರಿಯೋ ಭಟ್ಟಿಯ ಹಸೀನಾಬಿ. ಅವಳ ಮಗಳೂ ಇಂಜಿನಿಯರ್ ಓದಿದ್ದಾಳೆ, ಹರಿಹರದಲ್ಲಿ ಸೀರೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸ್ತಾಳೆ. ಹಸೀನಾಬಿ ಚೀಲ ಇಳಿಸಿ ಒಂದು ಸಲ ಅಂದಳು: "ನೋಡು ಗಂಗಜ್ಜಿ, ಅಕ್ಕಿ ಕಾದ ಮರಳಿಗೆ ಬಿದ್ರೆ ಎಷ್ಟು ಉಬ್ಬತೈತೆ! ಅಷ್ಟೇ ಅಕ್ಕಿಗೆ ಚೀಲ ಹಿಡಿಯಂಗಿಲ್ಲ. ತಕ್ಕಡಿಗೆ ಇಟ್ರೆ ಮಾತ್ರ ಅಷ್ಟೇ ತೂಕ. ನಮ್ಮ ಮಕ್ಕಳ ಡಿಗ್ರೀನೂ ಹಂಗೇ ಆತು." ಅವಳು ತಮಾಷೆಗೆ ಅಂದಿದ್ದು. ಹಾಗಂದು ಚೀಲದ ಬಾಯಿ ಇನ್ನೊಂದು ಸಲ ಬಿಗಿದು ಕಟ್ಟಿದಳು.

ಈಗ ಬೋಣಿಯ ವಿಷಯಕ್ಕೆ ಬರ್ತೀನಿ. ಅಂಗಡಿ ಇಟ್ಟವರಿಗೆಲ್ಲ ಗೊತ್ತು, ದೀಪ ಹಚ್ಚಿದ ಮೇಲೆ ಮೊದಲನೇ ವ್ಯಾಪಾರ ಆಗೋ ತನಕ ಬಾಯಲ್ಲಿ "ಇಲ್ಲ" ಅನ್ನೋ ಮಾತು ಬರಬಾರದು. ಚಿಲ್ಲರೆ ಕೇಳಿದರೆ "ಆಮೇಲೆ ಬರ್ರಿ" ಅನ್ನಬೇಕು. ಚಟ್ನಿ ಕೇಳಿದರೆ "ಆಗ್ತಾ ಐತೆ" ಅನ್ನಬೇಕು. ನನ್ನ ಅತ್ತೆ ಹೇಳಿಕೊಟ್ಟದ್ದು. ಗಂಡ ತೀರಿಕೊಂಡು ಹದಿಮೂರು ದಿನ ಕಳೆದು ಅಂಗಡಿ ತೆಗೆದ ಸಂಜೆ, ಮೊದಲು ಬಂದ ಯಾರೋ "ಯಜಮಾನ್ರು ಇಲ್ವೇನಮ್ಮ?" ಅಂತ ಕೇಳಿದರು. ಬೋಣಿ ಆಗಿರಲಿಲ್ಲ. "ಊರಿಗೆ ಹೋಗ್ಯಾರೆ" ಅಂದೆ. ಅಷ್ಟು ಪಕ್ಕಾ ನಾನು.

ಹೋದ ವರ್ಷ ಶ್ರಾವಣದಲ್ಲಿ, ಸಂಜೆ ನಾಲ್ಕೂವರೆ ಇರಬೇಕು, ದೀಪ ಹಚ್ಚಿ ಕಡ್ಡಿ ಆರಿಸಿದ್ದೆ ಅಷ್ಟೇ, ಫೋನ್ ಬಂತು. ಕಾಲೇಜಿಗೆ ಸೇರುವಾಗ ಶಿಲ್ಪಾ ನನ್ನ ನಂಬರೇ ಬರೆದಿದ್ದಳು. ಕಾಲೇಜಿನ ಯಾರೋ ಮೇಡಂ. "ಅಜ್ಜಿ, ಪಾಸಾದವರು ಈಗ ಏನು ಮಾಡ್ತಿದ್ದಾರೆ ಅಂತ ಪಟ್ಟಿ ಮಾಡ್ತಿದೀವಿ. ನಿಮ್ಮ ಶಿಲ್ಪಾಗೆ ಕೆಲಸ ಇದೆಯಾ, ಇಲ್ವಾ?"

ಶಿಲ್ಪಾ ಈರುಳ್ಳಿ ತರೋಕೆ ಹೋಗಿದ್ದಳು. ಮುಂದೆ ದೀಪ ಉರೀತಿದೆ, ಬಾಣಲೆ ಖಾಲಿ, ಬೋಣಿ ಆಗಿಲ್ಲ.

"ಐತೆ" ಅಂದೆ.

"ಹೌದಾ! ಎಲ್ಲಿ?"

"ಇಲ್ಲೇ, ದಾವಣಗೆರೆಯಾಗೆ."

"ಗೌರ್ಮೆಂಟಾ, ಪ್ರೈವೇಟಾ?"

"ಪ್ರೈವೇಟು."

"ತುಂಬಾ ಸಂತೋಷ ಅಜ್ಜಿ" ಅಂದಳು. ಅಷ್ಟು ಸಂತೋಷ ಯಾಕೆ ಅಂತ ಆಗ ನಾನು ಯೋಚನೆ ಮಾಡಲಿಲ್ಲ. ಬೋಣಿ ಆದ ಮೇಲೆ ಶಿಲ್ಪಾನ ಕೈಲಿ ಫೋನ್ ಹಚ್ಚಿಸಿ ನಿಜ ಹೇಳಿದರಾಯ್ತು ಅಂದುಕೊಂಡೆ. ಅವತ್ತು ಮೋಡ ಮುಚ್ಚಿ ತಣ್ಣಗಿತ್ತು, ಮಿರ್ಚಿಗೆ ಜನ ಮುಗಿಬಿದ್ದರು. ಮರೆತೇಬಿಟ್ಟೆ. ಮರೆವು ಅಂತ ವಯಸ್ಸಿನ ಮೇಲೆ ಹಾಕೋದಿಲ್ಲ. ವ್ಯಾಪಾರ ಚೆನ್ನಾಗಿತ್ತು, ಅದಕ್ಕೇ ಮರೆತೆ.

ಹದಿನೈದು ದಿನ ಕಳೆದು ಶಿಲ್ಪಾ ಬಂದು ಅಂಗಡಿಯ ಮುಂದೆ ಗಿರಾಕಿಯ ಹಾಗೆ ನಿಂತಳು.

"ಅಜ್ಜಿ, ನನಗೆ ಕೆಲಸ ಯಾವಾಗ ಸಿಕ್ತು?"

ಆಗಿದ್ದು ಇಷ್ಟು. ಹರಿಹರದ ಕಡೆ ಒಂದು ಫ್ಯಾಕ್ಟರಿಯ ಲ್ಯಾಬಿಗೆ ಕೆಮಿಸ್ಟ್ರಿ ಓದಿದವರು ಬೇಕಾಗಿದ್ದರು. ಕೆಲಸ ಇಲ್ಲದವರ ಹೆಸರು ಕಳಿಸಿ ಅಂತ ಕಾಲೇಜಿಗೆ ಕೇಳಿದ್ದರು. ಇವಳ ಜೊತೆಯವರದ್ದೆಲ್ಲ ಹೋಯಿತು, ಇವಳದ್ದು ಹೋಗಲಿಲ್ಲ. ಕೆಲಸ ಇರೋರ ಹೆಸರು ಯಾರು ಕಳಿಸ್ತಾರೆ? ಬೋಣಿಗೆ ಮುಂಚೆ ಬಂದ ಫೋನಿನ ಕಥೆ ಅವಳಿಗೆ ಹೇಳಿದೆ.

ಮರುದಿನ ಇಬ್ಬರೂ ಕಾಲೇಜಿಗೆ ಹೋದೆವು. ಮೇಡಂ ಚಿಕ್ಕ ವಯಸ್ಸಿನವಳು. ಕುರ್ಚಿ ಎಳೆದು "ಕೂತ್ಕೊಳಿ ಅಜ್ಜಿ" ಅಂದಳು. ನಾನು ನಿಂತೇ ಹೇಳಿದೆ, "ತಪ್ಪು ನಂದು ಕಣವ್ವ. ಸುಳ್ಳು ಹೇಳಿದೆ. ಹುಡುಗಿ ಈರುಳ್ಳಿ ಹೆಚ್ತಾ ಕುಂತೈತೆ. ಇಲ್ಲ ಅಂತ ತಿದ್ದಿಬಿಡು."

ಅವಳು ಕಂಪ್ಯೂಟರ್ ನೋಡಿದಳು, ಬಾಗಿಲ ಕಡೆ ನೋಡಿದಳು. ಫ್ಯಾಕ್ಟರಿಗೆ ಪಟ್ಟಿ ಹೋಗಿಯಾಯಿತು. ಮೇಲಿನವರಿಗೆ ವರದಿಯೂ ಹೋಗಿದೆ. ನಮ್ಮ ಹುಡುಗರಲ್ಲಿ ಇಷ್ಟು ಮಂದಿ ಕೆಲಸದಲ್ಲಿದ್ದಾರೆ ಅಂತ ಗೋಡೆಗೆ ಬ್ಯಾನರೂ ಕಟ್ಟಿದ್ದಾರೆ. "ತಿದ್ದಿದ್ರೆ ನನ್ನನ್ನ ಕೇಳ್ತಾರೆ ಅಜ್ಜಿ. ನಾನೂ ಪರ್ಮನೆಂಟ್ ಅಲ್ಲ. ವರ್ಷ ವರ್ಷ ಹೊಸದಾಗಿ ತಗೋತಾರೆ" ಅಂದಳು. ಅವಳನ್ನ ಬೈಯಬೇಕು ಅಂತಲೇ ಹೋಗಿದ್ದೆ. ಬೈಗುಳ ಬಾಯಿಗೆ ಬಂದು ವಾಪಸ್ ಹೋಯಿತು. ನಾನು ದೀಪಕ್ಕೆ ಹೆದರಿ ಐತೆ ಅಂದೆ, ಅವಳು ಕುರ್ಚಿಗೆ ಹೆದರಿ ಐತೆ ಅಂತಲೇ ಉಳಿಸಿಕೊಂಡಳು. ನಮ್ಮಿಬ್ಬರ ಐತೆಯ ನಡುವೆ ಹುಡುಗಿ ಸಿಕ್ಕಿಕೊಂಡಳು. ಬರುವಾಗ ಶಿಲ್ಪಾ ಬ್ಯಾನರಿನ ಮುಂದೆ ನಿಂತು ನೋಡಿದಳು. ಸಾಲಿನಲ್ಲಿ ಅವಳ ಫೋಟೋವೂ ಇತ್ತು. ನಮ್ಮ ಅಂಗಡಿಯದಕ್ಕಿಂತ ಸ್ವಚ್ಛವಾಗಿತ್ತು.

ಸೋಮವಾರ ಫ್ಯಾಕ್ಟರಿಯಲ್ಲಿ ಇಂಟರ್‌ವ್ಯೂ. ಕರೀದಿದ್ದರೂ ಹೋಗಿ ನಿಲ್ಲೋಣ ಅಂದವಳು ನಾನೇ. ಬಸ್ ಹತ್ತಿ ಹರಿಹರದಲ್ಲಿ ಇಳಿದು, ಅಲ್ಲಿಂದ ಆಟೋ ಮಾಡಿಕೊಂಡು ಗೇಟಿಗೆ ಹೋದೆವು. ವಾಚ್‌ಮನ್ ಪಟ್ಟಿಯ ಮೇಲೆ ಬೆರಳಿಟ್ಟು ಕೆಳಗಿನ ತನಕ ಎಳೆದ.

"ನಿಮ್ಮ ಹೆಸರು ಇಲ್ಲ."

ಅವನಿಗೆ ಯಾವ ಬೋಣಿಯ ಹಂಗೂ ಇಲ್ಲ. ಎಷ್ಟು ಸಲೀಸಾಗಿ ಅಂದ! ನಾನು ಒಂದಿಷ್ಟು ಕೂಗಾಡಿದೆ. "ಅಜ್ಜಿ, ನೆರಳಿಗೆ ಕೂಡ್ರಿ, ಬಿಸಿಲೈತೆ" ಅಂತ ಮರ್ಯಾದೆಯಿಂದಲೇ ಹೇಳಿದ. ಒಳಗೆ ಬಿಡಲಿಲ್ಲ. ಶಿಲ್ಪಾನ ಜೊತೆ ಓದಿದವರು ಒಬ್ಬೊಬ್ಬರೇ ಬಂದು, ಇವಳನ್ನ ಮಾತಾಡಿಸಿ ಒಳಗೆ ಹೋದರು. ಒಂದು ಹುಡುಗಿ ಖುಷಿಯಿಂದ, "ಲೇ, ನಿನಗಾಗಲೇ ಆಗೈತಂತಲ್ಲ!" ಅಂದಳು. ಶಿಲ್ಪಾ ಹೂಂ ಅಂದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತ್ತು. ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವಳು ದಾವಣಗೆರೆ ಹತ್ತಿರ ಬಂದಾಗ ಅಂದಳು:

"ಸುಳ್ಳು ಹೇಳಿದ್ದಕ್ಕೆ ಸಿಟ್ಟಿಲ್ಲಜ್ಜಿ. ನನಗೆ ಕೆಲಸ ಇಲ್ಲ ಅನ್ನೋದು ದೀಪದ ಮುಂದೆ ಆಡಬಾರದ ಮಾತು ಅಂದ್ಯಲ್ಲ. ಹಂಗಾದ್ರೆ ದಿನಾ ಆ ದೀಪದ ಮುಂದೆ ಕೂಡೋ ನಾನು ಏನು? ಅಪಶಕುನಾನಾ?"

ನಾನು ಇಬ್ಬರ ಟಿಕೆಟ್ಟನ್ನೂ ಸಣ್ಣಗೆ ಮಡಚಿ ಸೆರಗಿನ ಗಂಟಿಗೆ ಹಾಕಿದೆ.

ಹರಿಹರದವರು ಇಬ್ಬರನ್ನ ತಗೊಂಡರು. ಇವಳು ಹೋಗಿದ್ದರೆ ಸಿಗ್ತಿತ್ತು ಅಂತ ನಾನು ಹೇಳೋದಿಲ್ಲ. ಸಿಗದೇ ಇರಬಹುದಿತ್ತು. ಆದರೆ ಆ ಸಿಗದಿರೋದು ಅವಳ ಸ್ವಂತದ್ದಾಗಿರ್ತಿತ್ತು. ಈಗ ಅದೂ ನಂದು. ದೀಪಾವಳಿ ಆದ ಮೇಲೆ ಮಗ ಗಂಡು ನೋಡಿದ. ಬಂದವರು ಅವಲಕ್ಕಿ ತಿಂದು ಕೈ ಒರೆಸಿಕೊಂಡು ಮೊದಲು ಕೇಳಿದ್ದೇ "ಹುಡುಗಿ ಕೆಲಸಕ್ಕೆ ಹೋಗ್ತಾಳೇನ್ರಿ?" ಅಂತ. ಎಲ್ಲರೂ ನನ್ನ ಮುಖ ನೋಡಿದರು. ನಾನು ಹಲ್ಲು ನೋವು ಅಂತ ಒಳಗೆ ಎದ್ದು ಹೋದೆ. ಅದೂ ಮುಂದಕ್ಕೆ ಹೋಗಲಿಲ್ಲ. ಮಗ ಈಗ ಗಡುವಿನ ಮಾತಾಡೋದು ಬಿಟ್ಟಿದ್ದಾನೆ. ಗಡುವು ಇದ್ದಾಗಲೇ ಮನೆಯಲ್ಲಿ ಸ್ವಲ್ಪ ಗೆಲುವಿತ್ತು.

ಈ ಶ್ರಾವಣದಲ್ಲಿ ಮತ್ತೆ ಫೋನ್ ಬಂತು. ಅದೇ ಹೊತ್ತು. ದೀಪ ಹಚ್ಚಿದ್ದೆ, ಶಿಲ್ಪಾ ಮಗ್ಗುಲಲ್ಲಿ ಮೆಣಸಿನಕಾಯಿ ಸೀಳ್ತಿದ್ದಳು, ಹಸೀನಾಬಿ ಆಗ ತಾನೆ ಚೀಲ ಇಳಿಸಿದ್ದಳು. ದನಿ ಬೇರೆಯದು.

"ಹೋದ ವರ್ಷದ ಮೇಡಂ ಎಲ್ಲವ್ವ?"

"ಅವರನ್ನ ಈ ವರ್ಷ ತಗೊಂಡಿಲ್ಲ ಅಜ್ಜಿ. ಶಿಲ್ಪಾ ಅವರು ಅದೇ ಕೆಲಸದಲ್ಲೇ ಇದ್ದಾರಾ?"

ದೀಪ ನೋಡಿದೆ. ಅತ್ತೆ ನೆನಪಾದಳು. ಊರಿಗೆ ಹೋಗಿ ಇನ್ನೂ ಬರದ ಗಂಡನೂ ನೆನಪಾದ.

"ಇಲ್ಲ" ಅಂದೆ. "ಕೆಲಸ ಇಲ್ಲ. ಹೋದ ವರ್ಷವೂ ಇದ್ದಿಲ್ಲ. ದೊಡ್ಡದಾಗಿ ಬರ್ಕೋ."

ಹಸೀನಾಬಿ "ಯಾ ಅಲ್ಲಾ, ಬೋಣಿ!" ಅಂತ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಶಿಲ್ಪಾನ ಚಾಕು ನಿಂತಿತು. ಆ ಕಡೆಯ ಮೇಡಂ, ಹೊಸದಾಗಿ ಪಾಸಾದವರ ಹೆಸರು ಮೊದಲು ಕಳಿಸ್ತೀವಿ, ಜಾಗ ಉಳಿದರೆ ನೋಡ್ತೀವಿ, ಗ್ಯಾರಂಟಿ ಕೊಡೋಕಾಗಲ್ಲ ಅಂದಳು. "ಗ್ಯಾರಂಟಿ ಯಾರು ಕೇಳಿದ್ರವ್ವ? ಹೆಸರು ಇರಬೇಕಾದ ಜಾಗದಾಗೆ ಇರಲಿ" ಅಂದೆ.

ಆಮೇಲೆ ಮೂವರೂ ರಸ್ತೆ ನೋಡುತ್ತಾ ಕೂತೆವು. ಐದಾಯಿತು, ಐದೂಕಾಲಾಯಿತು, ಯಾರೂ ಬರಲಿಲ್ಲ. ಹಸೀನಾಬಿಗೆ ತಡೆಯಲಿಲ್ಲ, "ನಾನೇ ಎರಡು ಮಿರ್ಚಿ ತಗೋತೀನಿ, ಬೋಣಿ ಮಾಡ್ತೀನಿ" ಅಂತ ಸೆರಗಿನ ಗಂಟು ಬಿಚ್ಚೋಕೆ ಹೋದಳು. ಶಿಲ್ಪಾ ಅವಳ ಕೈ ಹಿಡಿದಳು.

"ಬ್ಯಾಡ ಖಾಲಾ. ಯಾರಾದ್ರೂ ಬರ್ತಾರೆ, ಕಾಯೋಣ" ಅಂದಳು.

ಕಾಯೋದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು ಅಂತ ಆಗ ಅನ್ನಿಸಿತು. ನಾನು ಎಣ್ಣೆಗೆ ಒಂದು ಹನಿ ಹಿಟ್ಟು ಬಿಟ್ಟೆ. ಕಾದಿತ್ತು. ಉರಿ ಸಣ್ಣಗೆ ಮಾಡಿದೆ, ಆರಿಸಲಿಲ್ಲ.