ಸಣ್ಣ ಕೊಟ್ರನ ಬಂದೂಕು

ಅಜ್ಜ ಬಂದೂಕು ಕೊಟ್ಟದ್ದು ನನಗಲ್ಲ, ತಮ್ಮಾ. ನಿನಗೆ.

ಇಷ್ಟು ಬರೆಯಲು ಎಷ್ಟು ವರ್ಷ ಹಿಡಿಯಿತು ನೋಡು. ಬರೆದ ಮೇಲೂ ಕೂತಲ್ಲಿ ಕೂರಲಾಗುತ್ತಿಲ್ಲ — ಎದ್ದು ಹೋಗಿ ಗೋಡೆಯ ಮೇಲಿರುವ ಅದನ್ನು ಮತ್ತೆ ಮತ್ತೆ ನೋಡಿ ಬರುತ್ತಿದ್ದೇನೆ.

ಕೊಟ್ಟೂರಿನ ಕಡೆ ಮನೆಗೊಬ್ಬ ಕೊಟ್ರ ಇರುತ್ತಾನೆ, ನಮ್ಮಲ್ಲಿ ಇಬ್ಬರು. ನಾನು ಕೊಟ್ರೇಶಿ, ನೀನು ಚಿಕ್ಕಪ್ಪನ ಮಗ ಕೊಟ್ರಬಸವ. ಅಜ್ಜನ ಬಾಯಲ್ಲಿ ನಾನು ಬರೀ ಕೊಟ್ರ, ನೀನು ಸಣ್ಣ ಕೊಟ್ರ. ಶೇಂಗಾ ಹೊಲಕ್ಕೆ ಹಂದಿ ಬಿದ್ದಾಗ ಬಂದೂಕು ಹಿಡಿದ ಅಜ್ಜನ ಹಿಂದೆ ಓಡುತ್ತಿದ್ದವನು ನೀನು, ಅದರ ನಳಿಗೆ ಒರೆಸಲು ಕಲಿತವನೂ ನೀನು. ನಾನು ಸಂತೆಯಿಂದ ಸಂತೆಗೆ ಎತ್ತಿನ ವ್ಯಾಪಾರದಲ್ಲಿದ್ದೆ.

ಅಜ್ಜ ತೀರಿದ ಬೆಳಿಗ್ಗೆ ಅವನ ಹತ್ತಿರ ಇದ್ದವನು ನಾನೊಬ್ಬನೇ. ಕೈ ಹಿಡಿದು, "ಬಂದೂಕು ಸಣ್ಣ ಕೊಟ್ರಗ ಕೊಡ್ರಿ" ಅಂದ. ಹೊರಗೆ ಬಂದರೆ ಅಪ್ಪ, "ಏನಂದ್ನಲೇ ನಿಮ್ಮಜ್ಜ?"

"ಬಂದೂಕು ಕೊಟ್ರಗ ಕೊಡ್ರಿ ಅಂದ."

ಒಂದೇ ಪದ ಬಿಟ್ಟೆ. ವ್ಯಾಪಾರದಲ್ಲಿ ಸುಳ್ಳು ಹೇಳಬೇಡ, ಎಲ್ಲವನ್ನೂ ಹೇಳಲೂಬೇಡ — ಈ ಬುದ್ಧಿಮಾತನ್ನು ಎಷ್ಟು ಜನಕ್ಕೆ ಹೇಳಿದ್ದೇನೋ. ಮನೆ, ಲಾರಿ, ಕಲರ್ ಟಿವಿ ಎಲ್ಲ ನಾನೇ ಗಳಿಸಿದ್ದು. 'ಇದು ನಮ್ಮಜ್ಜಂದು' ಎಂದು ತೋರಿಸಲು ಮಾತ್ರ ಏನೂ ಇರಲಿಲ್ಲ... ಬಿಡು, ಅದು ನೆಪ.

ಪ್ರತಿ ಮಹಾನವಮಿಗೆ ಚಿಗಟೇರಿಯಿಂದ ಬರುತ್ತೀ. ಆಯುಧಪೂಜೆಗೆ ಮುಂಚೆ ಬಂದೂಕನ್ನು ಗೋಡೆಯಿಂದ ಇಳಿಸಿ, ತೊಡೆಯ ಮೇಲಿಟ್ಟುಕೊಂಡು ಒರೆಸುತ್ತೀ. "ಏನಣ್ಣಾ, ಬಂದೂಕಿಗೆ ಎಣ್ಣಿ ಹಚ್ಚೀಯೋ, ಮಿರ್ಚಿ ಹಂಗ ಕರಿಯಾಕ ಬಿಟ್ಟೀಯೋ?" ಎನ್ನುತ್ತೀ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ.

ಹೋದ ವರ್ಷ ನೀನು ತಮಾಷೆ ಮಾಡಲಿಲ್ಲ. ತಲೆ ಎತ್ತದೆ ಕೇಳಿದೆ: "ಕಡೀಕ ಅಜ್ಜ ನನ್ನ ಹೆಸರು ಒಂದ್ಸಲಾನೂ ಎತ್ತಲಿಲ್ಲೇನಣ್ಣಾ?"

"ಇಲ್ಲಪ್ಪಾ" ಅಂದೆ.

ಮೊದಲು ಬಿಟ್ಟದ್ದು ಒಂದು ಪದ, ಸುಳ್ಳಲ್ಲ ಎಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಈ 'ಇಲ್ಲ'ಕ್ಕೆ ಅಂಥ ಮರೆಯೂ ಇಲ್ಲ. ನೀನು ತಲೆ ಅಲ್ಲಾಡಿಸಿ ಮತ್ತೆ ಒರೆಸತೊಡಗಿದೆ — ಆ ಬಟ್ಟೆಯ ಸದ್ದು ಇನ್ನೂ...

ಲೈಸೆನ್ಸು ನಿನ್ನ ಹೆಸರಿಗೆ ಮಾಡಿಸುತ್ತೇನೆ. ಅಂಥ ಓಡಾಟ ನನಗೆ ಹೊಸದಲ್ಲ. ಆದರೆ 'ಅಜ್ಜ ನನ್ನನ್ನು ಮರೆತ' ಎಂದುಕೊಂಡೇ ನೀನು ಕಳೆದ ವರ್ಷಗಳನ್ನು ಯಾವ ಕಚೇರಿಯಲ್ಲಿ ತಿದ್ದಿಸಲಿ?

ಈ ಮಹಾನವಮಿಗೆ ಎಲ್ಲರ ಮುಂದೆ ಅಜ್ಜನ ಮಾತನ್ನು ಪೂರ್ತಿ ಹೇಳುತ್ತೇನೆ. ಇದನ್ನು ಓದಿ ನೀನು ಬಾರದಿದ್ದರೂ ಹೇಳುತ್ತೇನೆ. ಅಜ್ಜ ನಿನ್ನ ಹೆಸರು ಎತ್ತಿದ್ದ, ತಮ್ಮಾ. ಅದೊಂದೇ ಹೆಸರು ಎತ್ತಿದ್ದ.