ನಿಂತ ಸೂಜಿ

ಮೂರು ಕಾದಂಬರಿ, ಒಂದು ಸಿನಿಮಾ, ಒಂದು ಧಾರಾವಾಹಿ ಬರೆದ ಕತೆಗಾರನಿಗೆ ಪರೀಕ್ಷಕಿ ಯಾರಪ್ಪಾ ಎಂದರೆ, ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಬಸ್ಸೇ ಹೊರಟುಹೋಗುವಂಥ ಅವನ ಹೆಂಡತಿ. ದರ್ಜಿಯ ಅಂಗಡಿಯಿಂದ ಅಂಗಿಗಳನ್ನು ತಂದು ಕಾಜ ಹೊಲಿದು ಗುಂಡಿ ಹಚ್ಚುವುದು ಅವಳ ಕೆಲಸ. ಅವನು ಕಿಟಕಿಯ ಪಕ್ಕದ ಕಬ್ಬಿಣದ ಕುರ್ಚಿಯಲ್ಲಿ ಕೂತು ಬರೆದದ್ದನ್ನು ಓದುವುದು, ಅವಳು ನೆಲದ ಮೇಲೆ ಕೂತು ಹೊಲಿಯುವುದು. ಸೂಜಿ ನಿಂತರೆ ದೃಶ್ಯ ಪಾಸು. ಓಡುತ್ತಲೇ ಇದ್ದರೆ ಕಾಗದ ಒಲೆಗೆ. ಇದು ಅವನೇ ಮಾಡಿದ ಕಾನೂನು.

ಕಾದಂಬರಿಗಳ ಕಾಲ ಹಾಗೇ ನಡೆಯಿತು. ಆಮೇಲೆ ಸಿನಿಮಾದವರು ಕರೆದರು. ನಾಯಕ ತೀರಿಹೋದ ಅಪ್ಪನ ಫೋಟೋ ಮುಂದೆ ನಿಂತು ಹನ್ನೊಂದು ನಿಮಿಷ ಮಾತಾಡುವ ದೃಶ್ಯವನ್ನು ಅವನು ಓದಿದ ಮಧ್ಯಾಹ್ನ, ಸೂಜಿ ಗಕ್ಕನೆ ನಿಂತಿತು. ಅವಳು ಮಿಸುಕಲಿಲ್ಲ.

“ನೋಡಿದ್ಯಾ! ಕಲ್ಲಾಗಿ ಹೋದೆ!” ಎಂದು ಅವನು ಕುಣಿದ.

ಕಲ್ಲಾಗದೆ ಏನು ಮಾಡುತ್ತಾಳೆ? ಆ ಜಾಣೆ ತೂಕಡಿಕೆಯಲ್ಲಿ ಗುಂಡಿಯ ಜೊತೆಗೆ ಅಂಗಿಯನ್ನು ತಾನು ಉಟ್ಟ ಬಟ್ಟೆಗೇ ಸೇರಿಸಿ ಭದ್ರವಾಗಿ ಹೊಲಿದುಕೊಂಡಿದ್ದಳು. ಎದ್ದರೆ ಅಂಗಿಯೂ ಏಳುತ್ತದೆ, ಮಾನವೂ ಹೋಗುತ್ತದೆ. ಬಾಯಿಗೆ ಬೀಗ ಹಾಕಿಕೊಂಡು ಕೂತಳು.

ಸಿನಿಮಾ ಬಂತು. ಆ ದೃಶ್ಯಕ್ಕೆ ಅರ್ಧ ಜನ ಚಹಾ ಕುಡಿಯಲು ಎದ್ದುಹೋದರು, ಮುಂದಿನ ಸಾಲಿನವನೊಬ್ಬ ಗೊರಕೆ ಹೊಡೆದ. “ಇವ್ರಿಗೇನು ಗೊತ್ತು? ನೀನೇ ಕಲ್ಲಾಗಿದ್ದೆ,” ಎಂದು ಅವನು ಕತ್ತಲಲ್ಲಿ ಅವಳ ಕೈ ಹಿಡಿದ. ಐದನೆಯ ದಿನ ಸಿನಿಮಾ ಎತ್ತಂಗಡಿ. ಆಮೇಲೆ ನಾಲ್ಕು ವರ್ಷ ಒಂದು ನರಪಿಳ್ಳೆಯೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ.

ಕೊನೆಗೆ ಟೀವಿಯ ನಿರ್ದೇಶಕಿಯೊಬ್ಬಳು ಹೇಳಿಕಳಿಸಿದಳು: ಮೊದಲ ಕಂತು ಬರೆದುಕೊಡಿ, ಹಿಡಿಸಿದರೆ ಧಾರಾವಾಹಿ ನಿಮ್ಮದು, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇನೆ. ಅವನು ಬರೆದು ಓದಿದ್ದು ಅದೇ ಫೋಟೋ, ಅದೇ ಮಾತು.

“ರೀ, ಅದು ಬೇಡ.”

“ಯಾಕೆ? ನೀನು ಅಷ್ಟು ಮೆಚ್ಚಿದ್ದು ಇದೊಂದನ್ನೇ ಅಲ್ವಾ?”

“ಮೆಚ್ಚಿರ್ಲಿಲ್ಲ. ಹೊಲ್ಕೊಂಡಿದ್ದೆ.”

“ಏನನ್ನ?”

“ನನ್ನನ್ನೇ. ಅಂಗೀಗೆ.”

ಅವನು ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ. “ಹಾಗಾದ್ರೆ ಕಾದಂಬರಿಗಳು?”

“ಮೊದಲಿನ ಎರಡಕ್ಕೆ ಸೂಜಿ ನಿಜವಾಗ್ಲೂ ನಿಂತಿತ್ತು.”

“ಮೂರನೇದು?”

“ಅದಕ್ಕೆ… ದಾರ ಮುಗಿದಿತ್ತು.”

ಎರಡು ದಿನ ಅವನು ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡು ಕೂತ. ಬಂದ ಒಂದೇ ಒಂದು ಕೆಲಸಕ್ಕೂ ತಾನೇ ಕಲ್ಲು ಹಾಕಿದೆನೋ ಎಂದು ಅವಳು ಒಂದೇ ಕಾಜವನ್ನು ಮೂರು ಸಲ ಬಿಚ್ಚಿ ಹೊಲಿದಳು. ಮೂರನೆಯ ದಿನ ಅವನು ಹೊಸ ಕಂತು ಓದಿದ: ಗಂಡ ಮೈಮರೆತು ತನ್ನ ಕತೆ ಓದುತ್ತಿದ್ದಾನೆ, ಹೆಂಡತಿ ಅಂಗಿಗೆ ಅಂಟಿಕೊಂಡು ಕಲ್ಲಿನಂತೆ ಕೂತಿದ್ದಾಳೆ. ಸೂಜಿ ನಿಂತಿತು. ಅವನು ನಂಬಲಿಲ್ಲ. ಕುರ್ಚಿಯಿಂದ ಇಳಿದು ಬಂದು, ಬಗ್ಗಿ, ಅವಳ ಮಡಿಲಿನ ಅಂಗಿಯನ್ನು ಎತ್ತಿ ನೋಡಿದ ಮೇಲೇ ಪುಟ ಮಡಿಚಿದ.

ನಿರ್ದೇಶಕಿಗೆ ಹಿಡಿಸಿತು. ಧಾರಾವಾಹಿ ಎರಡು ವರ್ಷ ಓಡಿತು, ಹೆಂಡತಿಯ ಜಾಣತನ ಬೀದಿಗೆಲ್ಲ ಗೊತ್ತಾಯಿತು. ದರ್ಜಿ ಈಗಲೂ ಅಂಗಿಗಳನ್ನು ಒಯ್ಯುವ ಮೊದಲು, “ಅಕ್ಕಾ, ಒಂದ್ಸಲ ಎದ್ದು ನಿಂತು ತೋರ್ಸಿ,” ಎನ್ನುತ್ತಾನೆ.

ಗಂಡ ತೀರಿಹೋಗಿ ಆರು ವರ್ಷವಾಯಿತು. ಟೀವಿಯಲ್ಲಿ ಆ ಕಂತು ಮತ್ತೆ ಬಂದಾಗಲೆಲ್ಲ ಅವಳ ಸೂಜಿ ನಿಲ್ಲುತ್ತದೆ. ಮೊದಲು ಅಂಗಿಯನ್ನು ಎಳೆದು ನೋಡಿಕೊಳ್ಳುತ್ತಾಳೆ.